ಒತ್ತಿದ್ದು ಒಂದು ಚೌಕ, ತುಂಬಿದ್ದು ಇನ್ನೊಂದು

ಮಾವ ಅವತ್ತು ಬೆಳಗಿನ ಬಸ್ಸಿಗೆ ಚಳ್ಳಕೆರೆಗೆ ಬಂದರು ಎಂದು ಬರೆದೆ, ಹೊಡೆದುಹಾಕಿದೆ. ಊಟ ಮುಗಿಸಿ ಬಂದಿದ್ದರೇನೋ. ನೆನಪು ನನಗೆ ಒಪ್ಪುವ ಹೊತ್ತನ್ನೇ ಕೊಡುತ್ತದೆ, ಅದಕ್ಕೇ ಹೊತ್ತಿನ ಮಾತು ಬಿಡುತ್ತೇನೆ. ಬಂದದ್ದಂತೂ ನಿಜ. ಕರೆಸಿದ್ದು ನಾನು.

ಅವರು ಅವ್ವನ ಅಣ್ಣ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ಅಂಚಿಗೆ ಗ್ರಾಫ್ ಬರೆಯುತ್ತಿದ್ದರು. ಹಾಳೆಯ ಸಣ್ಣ ಚೌಕಗಳನ್ನು ಒಂದೊಂದಾಗಿ ತುಂಬಿ ಗಿಳಿಯನ್ನೋ ಹಂಸವನ್ನೋ ಕೂರಿಸಬೇಕು. ಅದನ್ನು ನೋಡಿ ಮಗ್ಗದ ರಟ್ಟಿಗೆ ತೂತು ಹೊಡೆಯುತ್ತಾರೆ, ಆ ತೂತುಗಳಂತೆ ಮಗ್ಗ ಚಿತ್ರ ನೇಯುತ್ತದೆ. ಒಂದು ಚೌಕ ತಪ್ಪಿದರೆ ಸೀರೆಯುದ್ದಕ್ಕೂ ಎಲ್ಲ ಗಿಳಿಗಳ ಕೊಕ್ಕೂ ಸೊಟ್ಟ. ಆ ವರ್ಷ ಎರಡು ಗ್ರಾಫ್ ಹಾಗೆ ವಾಪಸ್ಸು ಬಂದಿದ್ದವು. ಕಣ್ಣಿನ ಮಾತನ್ನು ಮಾವ ಎತ್ತುತ್ತಿರಲಿಲ್ಲ, ನಾವೂ ಎತ್ತುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಚೌಕಗಳನ್ನು ದೊಡ್ಡದಾಗಿ ತೋರಿಸಿದರೆ ಅವರು ಇನ್ನೂ ಹಲವು ವರ್ಷ ಬರೆಯಬಹುದು ಎಂಬ ಹುಚ್ಚು ನನ್ನ ತಲೆಗೆ ಹತ್ತಿತು.

ಆಗ ಚಳ್ಳಕೆರೆಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಅರ್ಧ ಕಲಿಯುತ್ತ, ಅರ್ಧ ಕಲಿಸುತ್ತ ಇದ್ದೆ. ಅದನ್ನು ನಡೆಸುತ್ತಿದ್ದವರು ಮೊದಲು ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿದ್ದವರು, ಎಲ್ಲರಿಗೂ ಭಾಯ್.

‘ಪ್ರೋಗ್ರಾಮ್ ಆಮೇಲೆ ಬರಿಯಮ್ಮ,’ ಎಂದರು ಭಾಯ್. ‘ಮೊದಲು ಡಮ್ಮಿ ಮಾಡು. ಅವರನ್ನ ಕೂರಿಸಿ ಒತ್ತಿಸು. ಎಲ್ಲಿ ತಡವರಿಸ್ತಾರೆ ನೋಡ್ಕೋ.’

ಡಮ್ಮಿ ಎಂದರೆ ಸಾಫ್ಟ್‌ವೇರಿನ ಮುಖ ಮಾತ್ರ, ಒಳಗೆ ಏನೂ ಇಲ್ಲ. ಮಾವನದೇ ಹಳೆಯ ಗಿಳಿಯನ್ನು ತೆಗೆದುಕೊಂಡು ನಲವತ್ತು ಸ್ಲೈಡ್ ಮಾಡಿದೆ. ಪ್ರತಿ ಸ್ಲೈಡಿನಲ್ಲೂ ಹಿಂದಿನದಕ್ಕಿಂತ ಒಂದು ಚೌಕ ಹೆಚ್ಚು ತುಂಬಿರುತ್ತದೆ. ತೆರೆಯ ಮೇಲೆ ಎಲ್ಲಿ ಒತ್ತಿದರೂ ಮುಂದಿನದು ಬರುತ್ತದೆ. ಕೊಕ್ಕಿನಿಂದ ಶುರು, ಅವರು ತುಂಬುವ ಕ್ರಮದಲ್ಲೇ ಎಂದುಕೊಂಡಿದ್ದೆ.

ಮಾವ ಮೌಸನ್ನು ಅಂಗೈಯಲ್ಲಿ ಅದುಮಿ ಹಿಡಿದರು.

‘ಇಸ್ತ್ರಿಪೆಟ್ಟಿ ಅಲ್ರೀ ಯಜಮಾನ್ರೇ, ಅಷ್ಟು ಒತ್ಬೇಡ್ರಿ,’ ಎಂದರು ಭಾಯ್.

‘ಗಟ್ಟಿ ಐತೋ ಇಲ್ವೋ ನೋಡ್ತಿದ್ದೆ,’ ಎಂದರು ಮಾವ.

ಮೊದಲ ಮೂರು ಚೌಕ ಅವರು ಒತ್ತಿದಲ್ಲೇ ತುಂಬಿದವು. ‘ಏಮ್ಮಾ, ಚೆನ್ನಾಗೈತಲ್ಲ ಇದು.’ ನಾಲ್ಕನೆಯದಕ್ಕೆ ಅವರು ಕೊಕ್ಕಿನ ಕೆಳಗೆ ಒತ್ತಿದರು, ಬಣ್ಣ ಪಕ್ಕಕ್ಕೆ ಬಂತು. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡು ಮತ್ತೆ ಒತ್ತಿದರು. ಮತ್ತೆ ಪಕ್ಕಕ್ಕೆ.

‘ಕೊಕ್ಕಿನ ಕೆಳಗೆ ತಾನೇ ನಾನು ಒತ್ತಿದ್ದು?’

‘ಹ್ಞೂಂ ಮಾವ, ಒತ್ರಿ, ಒತ್ರಿ,’ ಎಂದೆ. ನಾನು ಬರೆದುಕೊಳ್ಳುತ್ತಿದ್ದೆ: ನಾಲ್ಕನೆಯದಕ್ಕೆ ತಡವರಿಸಿದರು, ಚೌಕ ಇನ್ನೂ ದೊಡ್ಡದಿರಲಿ. ಆ ಚೀಟಿ ಇನ್ನೂ ನನ್ನ ಹತ್ತಿರ ಇರುವುದರಿಂದ ಇದೊಂದನ್ನು ನಂಬಬಹುದು. ಇದು ಡಮ್ಮಿ ಎಂದು ಮಾವನಿಗೆ ಮೊದಲೇ ಹೇಳಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಹೇಳಿರಲಿಲ್ಲ.

ಅವರು ಹತ್ತು ಹನ್ನೆರಡು ಸಲ ಒತ್ತಿ ಎದ್ದರು. ಟೀ ಬೇಡ ಎಂದರು.

ವಾರ ಕಳೆದಿರಬೇಕು. ಅವ್ವ ರೊಟ್ಟಿ ತಟ್ಟುತ್ತ ಹೇಳಿದಳು: ‘ಅಣ್ಣ ಪೆನ್ನು ಹಾಳೆ ಎಲ್ಲ ಎದುರು ಮನೆಯವನಿಗೆ ಕೊಟ್ಟುಬಿಟ್ಟನಂತೆ. ಒತ್ತೋದು ಒಂದು ಕಡೆ, ಬೀಳೋದು ಇನ್ನೊಂದು ಕಡೆ, ನನ್ನ ಕಣ್ಣು ಮುಗೀತು ಅಂದನಂತೆ.’

ಮರುದಿನವೇ ಮೊಳಕಾಲ್ಮೂರಿಗೆ ಹೋದೆ. ಬಸ್ಸಿನಲ್ಲಿ ಸೀಟಿದ್ದರೂ ಕೂರಲಾಗಲಿಲ್ಲ. ಮಾವ ಜಗುಲಿಯ ಮೇಲಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ.

‘ಹಂಗಾದ್ರೆ ಎಲ್ಲಿ ಒತ್ತಿದ್ರೂ ಅದೇ ಬರೋದಾ?’

‘ಹೌದು ಮಾವ.’

‘ಎಮ್ಮೆ ಬಂದು ಮೂತಿ ಇಟ್ಟಿದ್ರೂ ಗಿಳಿ ಆಗ್ತಿತ್ತು.’

‘ಹೌದು.’

‘ಅಂದ್ರೆ ನನ್ನ ಕಣ್ಣು ಸರಿ ಐತೆ ಅಂತೀಯಾ?’

ನನ್ನ ತೆರೆ ಸುಳ್ಳಾದ ಮಾತ್ರಕ್ಕೆ ಅವರ ಕಣ್ಣು ನಿಜವಾಗುವುದಿಲ್ಲ. ವಾಪಸ್ಸು ಬಂದ ಎರಡು ಗ್ರಾಫ್ ಹಾಗೇ ಇದ್ದವು.

ಮಾವ ಒಳಗೆ ಹೋಗಿ ಉಳಿದಿದ್ದ ಒಂದು ಗ್ರಾಫ್ ಹಾಳೆ, ಒಂದು ಪೆನ್ಸಿಲ್ ತುಂಡು ತಂದರು. ‘ಸಾಲು, ಚೌಕ ನೀನು ಹೇಳು. ನಾನು ತುಂಬ್ತೀನಿ.’

ಹೇಳುತ್ತ ಹೋದೆ. ಒಂದೊಂದನ್ನೂ ತುಂಬಿ ನನ್ನ ಕಡೆ ತಿರುಗುತ್ತಿದ್ದರು, ನಾನು ಹ್ಞೂಂ ಎನ್ನುತ್ತಿದ್ದೆ. ಐದೋ ಆರೋ ಸರಿಯಾಗಿ ಬಿದ್ದವು. ಆಮೇಲಿನದು ಪಕ್ಕದ ಚೌಕಕ್ಕೆ ಬಿತ್ತು.

‘ಸರಿ ಐತೆ,’ ಎಂದೆ.

‘ಇಷ್ಟೊತ್ತು ಬರೀ ಹ್ಞೂಂ ಅಂತಿದ್ದೆ. ಈಗ ಸರಿ ಐತೆ ಅಂತೀಯ. ತಪ್ಪಿದೀನಿ ತಾನೇ?’

‘ಒಂದು ಚೌಕ.’

‘ಎಡಕ್ಕೋ, ಬಲಕ್ಕೋ?’

‘ಬಲಕ್ಕೆ.’

‘ಅದನ್ನ ಬಾಯಿ ಬಿಟ್ಟು ಹೇಳು ಮತ್ತೆ. ಬಲಕ್ಕೆ ಅಂದ್ರೆ ತಿದ್ಕೋಬಹುದು. ಸರಿ ಐತೆ ಅಂದ್ರೆ ಏನ್ ತಿದ್ಲಿ?’ ಪೆನ್ಸಿಲ್ ಕೆಳಗಿಟ್ಟರು. ‘ಎದುರು ಮನೆಗೆ ಹೋಗು. ಪೆನ್ನು ವಾಪಸ್ಸು ಇಸ್ಕೊಂಡು ಬಾ.’

‘ಏನಂತ ಕೇಳ್ಲಿ?’

‘ಕಣ್ಣು ಮುಗಿದಿಲ್ಲವಂತೆ, ಒಂದು ಚೌಕ ಬಲಕ್ಕೆ ಹೋಗೈತಂತೆ ಅನ್ನು.’

ರಸ್ತೆ ದಾಟಿದೆ. ಹಾಗೆ ಹೇಳಲು ನಾಲಿಗೆ ಏಳಲಿಲ್ಲ. ‘ಮಾವಂಗೆ ಪೆನ್ನು ಬೇಕಂತೆ,’ ಎಂದೆ. ಆ ಮನೆಯವನು ಏನೂ ಕೇಳದೆ ಒಳಗೆ ಹೋದ.