ಪಕ್ಕದ ಮನೆಯವರ ಕಿರುಬೆರಳು

ಎಲ್ಲರಿಗೂ ನಮಸ್ಕಾರ. ತಡವಾಗಿ ಓದು ಕಲಿತವನು ನಾನು, ತಪ್ಪಿದ್ದರೆ ಮನ್ನಿಸಿ.

ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಮುಳಬಾಗಿಲಿನ ನಮ್ಮ ಪಕ್ಕದ ಮನೆಗೆ ಸಿಪಾಯಿಯೊಬ್ಬರು ಮರಳಿ ಬಂದರು. ಯಾರ ಕೋವಿ ಕಂಡರೂ ಬೋಲ್ಟ್ ಎಳೆದು, ಗುಂಡು ಕೂರುವ ಜಾಗಕ್ಕೆ ಕಿರುಬೆರಳು ತೂರಿಸಿ, "ನೋಡ್ದೆ ನಂಬ್ಬೇಡ ನಾಯ್ನಾ" ಅನ್ನುತ್ತಿದ್ದರು.

ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗುತ್ತಿದ್ದವೆಂದು ನಾನೊಂದು ಹಳೆಯ ರೈಫಲ್ ಕೊಂಡೆ. ಆಯುಧಪೂಜೆಯ ಮರುದಿನ ಮೊದಲ ಗುಂಡು ಹಾರಿಸಲು ಹೊರಟಾಗ ಅವರು ತಡೆದರು.

"ಪೂಜೆ ಆಗೈತಲ್ಲಣ್ಣ, ಇನ್ನೇನು?" ಎಂದೆ.

ಬೋಲ್ಟ್ ಎಳೆದು ತೂರಿಸಿದ ಅವರ ಕಿರುಬೆರಳಿಗೆ ಏನೋ ತಾಗಿತು. ಕಡ್ಡಿಯಿಂದ ಕೆದಕಿದರೆ, ಗಂಧದಲ್ಲಿ ಒಣಗಿ ಗಟ್ಟಿಯಾದ ಅಕ್ಷತೆ. ನನ್ನ ಹೆಂಡತಿಯ ಮುಖ ಬಿಳಿಚಿತು.

"ಪೂಜೆ ಹೊರಗಡೆ ಸಾಕಮ್ಮ," ಎಂದು ಅವರು ನಕ್ಕರು. "ಒಳಗಡೆ ಮಾಡಿದ್ರೆ ಗುಂಡು ಸಿಕ್ಕೊಂಡು ಕೋವಿ ನಿನ್ ಗಂಡನ ಮುಖಕ್ಕೇ ಒಡೀತದೆ."

ಅವರು ತೀರಿಕೊಂಡು ಬಹಳ ಕಾಲವಾಯಿತು. ಪ್ರತಿ ಆಯುಧಪೂಜೆಗೂ ನನ್ನಾಕೆ ಅಕ್ಷತೆ ಹಿಡಿದು, ಕೋವಿಯ ಮುಂದೆ ನಿಂತು, ಪಕ್ಕದ ಮನೆಯ ಬಾಗಿಲ ಕಡೆ ನೋಡುತ್ತಾಳೆ. ಬೋಲ್ಟ್ ಎಳೆದು ನಾನೇ ಬೆರಳು ತೂರಿಸುತ್ತೇನೆ. ಆದರೂ ಅವಳು ನೋಡುತ್ತಲೇ ಇರುತ್ತಾಳೆ.

ನಿಮ್ಮ ಪಕ್ಕದಲ್ಲೂ ಇಂಥವರು ಇದ್ದಿದ್ದರೆ ದಯವಿಟ್ಟು ಬರೆದು ತಿಳಿಸಿ.