ಮೀನುಮನೆಯ ಗೃಹಪ್ರವೇಶ

ನಮ್ಮ ಓನರ್ ಅಂಗಿಯ ಬಲತೋಳು ಯಾವಾಗಲೂ ಮೊಣಕೈಯಿಂದ ಮೇಲಕ್ಕೆ ಮಡಚಿರುತ್ತಿತ್ತು. ಎಡತೋಳಿನ ಗುಂಡಿ ಮಾತ್ರ ಮಣಿಕಟ್ಟಿನಲ್ಲಿ ಭದ್ರ. ಮದುವೆಮನೆಗೂ ಹಾಗೇ ಹೋಗುತ್ತಿದ್ದರು, ಅಂಗಡಿಗೂ ಹಾಗೇ. ಹೊತ್ತುಹೊತ್ತಿಗೆ ಮೀನು ಸಾಕುವ ಗಾಜಿನ ತೊಟ್ಟಿಗಳೊಳಗೆ ಇಳಿಯುವ ಆ ಕೈಯ ಬೆರಳತುದಿಗಳು ಬಟ್ಟೆ ಒಗೆದವರ ಬೆರಳಿನಂತೆ ಬೆಳ್ಳಗೆ ಮುದುಡಿಕೊಂಡಿರುತ್ತಿದ್ದವು. ಹತ್ತಿರ ಬಂದರೆ ಸ್ವಲ್ಪ ಪಾಚಿಯ ವಾಸನೆ.

ಹಾಸನದಲ್ಲಿ ನಾನು ಬಾಡಿಗೆಗಿರುವ ಮನೆ ಅವರದು. ಕೆಳಗೆ ಅವರು, ಮೇಲೆ ನಾನು. ಬ್ಯಾಂಕಿನ ಕೆಲಸದಲ್ಲಿ ವರ್ಗವಾಗಿ ಬಂದವಳು ನಾನು. ಮದುವೆಯಾಗಿಲ್ಲ, ಊರಲ್ಲಿ ಪರಿಚಯದವರೂ ಇರಲಿಲ್ಲ. ಅವರು ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಅಂತ ಜೀವಮಾನವೆಲ್ಲ ತುಂಬಿದ ಬಸ್ಸಿನೊಳಗೆ ಜನರನ್ನು ಒತ್ತರಿಸಿಕೊಂಡು ಓಡಾಡಿದ್ದರು. ಮಕ್ಕಳಿರಲಿಲ್ಲ. ಹೆಂಡತಿಗೆ ಒಂದಿಷ್ಟು ಊರು ತೋರಿಸಬೇಕೆಂದು ಕೊನೆಗೊಂದು ಹಳೆಯ ಕಾರು ತಂದು, ಅದಕ್ಕೆ ಗ್ಯಾರೇಜೂ ಕಟ್ಟಿಸಿದ್ದರಂತೆ. ಕಾರಿನ ಹೊಸತನ ಕಳೆಯುವ ಮೊದಲೇ ಆಕೆ ತೀರಿಕೊಂಡರು. ನಾನು ಬರುವ ಹೊತ್ತಿಗೆ ಕಾರು ಯಾರ ಪಾಲೋ ಆಗಿತ್ತು. ಖಾಲಿ ಗ್ಯಾರೇಜಿನಲ್ಲಿ ನನ್ನ ಸ್ಕೂಟರು ನಿಲ್ಲುತ್ತಿತ್ತು.

ಒಂದು ಭಾನುವಾರ ಬಂದು, ಸ್ಕೂಟರನ್ನು ಇನ್ನು ಮೇಲೆ ಹೊರಗೆ ನಿಲ್ಲಿಸಬೇಕೆಂದರು. ಯಾಕೆಂದು ಕೇಳಿದೆ. ಅಲ್ಲಿಗೆ ಮೀನು ಬರುತ್ತವೆ ಎಂದರು. ನನಗೆ ಮೈಯೆಲ್ಲ ಉರಿಯಿತು. ನನ್ನ ಗಾಡಿ ಮಳೆಯಲ್ಲಿ ನೆನೆಯಬೇಕು, ನೀರಲ್ಲೇ ಇರುವ ಮೀನಿಗೆ ಮಾತ್ರ ಸೂರು ಬೇಕು! ಬೇರೆ ಮನೆ ನೋಡಿಕೊಳ್ಳುವುದೆಂದು ತೀರ್ಮಾನವನ್ನೂ ಮಾಡಿದೆ. ಸೋಮಾರಿತನಕ್ಕೆ ನೋಡಲಿಲ್ಲ, ಅಷ್ಟೆ.

ಆಮೇಲೆ ತಿಂಗಳುಗಟ್ಟಲೆ ಗ್ಯಾರೇಜಿನಲ್ಲಿ ಅವರ ಸದ್ದು. ಎಣ್ಣೆಕಲೆಯ ನೆಲವನ್ನು ತಿಕ್ಕಿ ತೊಳೆದು, ನೀರು ಹರಿದುಹೋಗಲು ವಾಟ ಕೊಟ್ಟು ಸಿಮೆಂಟ್ ಹಾಕಿಸಿದರು. ಹಾಸನದ ಚಳಿ ಒಳಗೆ ನುಗ್ಗಬಾರದೆಂದು ಷಟರಿನ ಒಳಮೈಗೆ ಥರ್ಮಾಕೋಲ್ ಅಂಟಿಸಿದರು. ಗೋಡೆಯುದ್ದಕ್ಕೂ ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸಿ, ಗಾಜುಗಳನ್ನು ತಾವೇ ಕೂರಿಸಿ ಅಂಟು ಹಾಕಿದರು. ಆ ಅಂಟಿನ ಹುಳಿ ವಾಸನೆ ಮೆಟ್ಟಿಲು ಹತ್ತಿ ನನ್ನ ಅಡುಗೆಮನೆಗೂ ಬಂತು. ಇಷ್ಟೆಲ್ಲ ಆಗಿ ತೊಟ್ಟಿಗಳಿಗೆ ನೀರು ತುಂಬಿ, ಗಾಳಿಯ ಪಂಪು ಹಾಕಿ, ಸುಮ್ಮನೆ ಕೂತುಬಿಟ್ಟರು. ಗುಳುಗುಳು ಸದ್ದು ಬಿಟ್ಟರೆ ಒಳಗೆ ಏನೂ ಇಲ್ಲ. ಮೀನೆಲ್ಲಿ ಎಂದು ಬೀದಿಯವರು ಕೇಳಿದರೆ, ನೀರು ಇನ್ನೂ ಮಾಗಬೇಕು ಎನ್ನುತ್ತಿದ್ದರು. ಓನರ್ ಮನೆಯಲ್ಲಿ ನೀರು ಹಣ್ಣಿಗೆ ಹಾಕಿದ್ದಾರೆ ಎಂದು ನಾನು ಆಫೀಸಿನಲ್ಲಿ ಹೇಳಿ ನಗಿಸುತ್ತಿದ್ದೆ.

ನೀರು ಮಾಗಿತು, ಮೀನು ಬಂದವು. ಅಗಲ ರೆಕ್ಕೆಯ ಬಿಳಿ ಮೀನು, ಕೆಂಪು ಬಾಲದವು, ಪಟ್ಟೆಯವು. ಆಗ ಅವರು ಯಾರೂ ಮಾಡದ ಒಂದು ಕೆಲಸ ಮಾಡಿದರು. ಗ್ಯಾರೇಜಿಗೆ ಗೃಹಪ್ರವೇಶ ಇಟ್ಟುಕೊಂಡರು. ಷಟರಿಗೆ ಮಾವಿನ ತೋರಣ ಕಟ್ಟಿ, ಒಳಗೆ ಸಣ್ಣ ಸ್ಟವ್ ಇಟ್ಟು ಹಾಲುಕ್ಕಿಸಿದರು. ಮನೆಮನೆಗೂ ಹೋಗಿ ಕರೆದಿದ್ದರು. ಇಡೀ ಬೀದಿ ಬಂತು. ಆವತ್ತು ಅವರ ಮುಖ ನೋಡಬೇಕಿತ್ತು. ಒಳಗೆ ಹೋಗಿ, ಒಳಗೆ ಹೋಗಿ, ಜಾಗ ಇದೆ ಎಂದು ಜನರನ್ನು ಹಿಂದಕ್ಕೆ ತಳ್ಳುತ್ತಾ, ಮತ್ತೆ ಬಸ್ಸಿನಲ್ಲಿದ್ದರು.

ಆದರೆ ಈ ಕಡೆಯವರಿಗೆ ಮೀನು ನೋಡುವುದೆಂದರೆ ರಾಮನಾಥಪುರ. ಅಲ್ಲಿ ಹೊಳೆಯ ಮೆಟ್ಟಿಲಲ್ಲಿ ನಿಂತು ಪುರಿ ಎರಚಿದರೆ ತೋಳುದ್ದದ ದೇವರ ಮೀನುಗಳು ಬಾಯಿ ಕಳೆದು ಬರುತ್ತವೆ. ಎರಚಿದರೆ ಪುಣ್ಯ. ಹಾಗಾಗಿ ಎಲ್ಲರೂ ಸೆರಗಲ್ಲಿ, ಕವರಲ್ಲಿ ಪುರಿ ಕಟ್ಟಿಕೊಂಡೇ ಬಂದಿದ್ದರು. ಎದುರುಮನೆಯಾಕೆ ಅರಿಶಿನ ಕುಂಕುಮವನ್ನೂ ತಂದಿದ್ದರು. ತೊಟ್ಟಿಗೊಂದು ಚಿಟಿಕೆ ಹಾಕಿ, ಮೇಲೆ ಅಕ್ಷತೆ ಎರಚಿ, ಕೈಮುಗಿದರು. ಉಳಿದವರು ಹಿಂಬಾಲಿಸಿದರು. ನಮ್ಮ ಓನರ್ ನಗುತ್ತಾ ನಿಂತೇ ಇದ್ದರು. ಅವರ ಕೈ ಮಾತ್ರ ಮಡಚಿದ ತೋಳನ್ನು ಇನ್ನೂ ಮೇಲಕ್ಕೆ ಎಳೆದುಕೊಳ್ಳುತ್ತಿತ್ತು.

ಬಂದವರು ಹೋದದ್ದೇ ಓನರ್ ನೀರು ಬದಲಿಸಲು ನಿಂತರು. ಆಗಲೇ ಪುರಿ ನೆನೆದು ಕರಗಿತ್ತು. ಎಷ್ಟು ಬದಲಿಸಿದರೂ ವಾರದೊಳಗೆ ನೀರೆಲ್ಲ ಗಂಜಿಯಂತೆ ಕದಡಿತು. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಒಂದು ಬೆಳಿಗ್ಗೆ ನಾನು ಇಳಿದು ಬಂದಾಗ ಷಟರು ಪೂರ್ತಿ ಮುಚ್ಚಿತ್ತು. ಪಕ್ಕದ ಬಾಗಿಲಿಂದ ಇಣುಕಿದೆ. ಸತ್ತ ಮೀನುಗಳನ್ನು ಪೇಪರಿನಲ್ಲಿ ಸುತ್ತಿಡುತ್ತಿದ್ದರು. ಬೀದಿಯವರಿಗೆ ಕಾಣದ ಹಾಗೆ ಹಿಂದಿನ ದಾಸವಾಳದ ಬುಡದಲ್ಲಿ ಹೂತರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮೇಲೆ ಹೋಗಿ ದಪ್ಪ ರಟ್ಟಿನ ಮೇಲೆ, ತೊಟ್ಟಿಗೆ ಏನನ್ನೂ ಹಾಕಕೂಡದು, ಮೀನು ಸತ್ತಿವೆ ಎಂದು ದಪ್ಪಕ್ಷರದಲ್ಲಿ ಬರೆದು ತಂದು ಷಟರಿಗೆ ಅಂಟಿಸಿದೆ. ಅವರು ಹೊರಗೆ ಬಂದು ಓದಿದರು. ನಿಧಾನವಾಗಿ ಕಿತ್ತು, ನಾಲ್ಕು ಮಡಿಕೆ ಮಾಡಿ, ಅಲ್ಲಾಡುತ್ತಿದ್ದ ಸ್ಟ್ಯಾಂಡಿನ ಕಾಲಡಿಗೆ ಸಿಕ್ಕಿಸಿದರು.

"ಮೀನು ಸತ್ರೆ ಇನ್ನೊಂದು ತರ್ಬೋದು ಕಣಮ್ಮ," ಎಂದರು. "ಬರೋ ಜನ ಬರ್ದಂಗೆ ಆದ್ರೆ ಎಲ್ಲಿಂದ ತರ್ಲಿ?"

ಗ್ಯಾರೇಜನ್ನು ಮೀನುಮನೆ ಮಾಡಿದ್ದು ಮೀನಿಗಾಗಿ ಅಲ್ಲ ಎಂದು ನನಗೆ ತಿಳಿದದ್ದು ಆಗ. ಮಧ್ಯಾಹ್ನ ಪೇಟೆಗೆ ಹೋಗಿ ಅದೇ ಬಣ್ಣದ, ಅದೇ ಪಟ್ಟೆಯ ಮೀನುಗಳನ್ನು ಹುಡುಕಿ ತಂದರು. ಅವನ್ನು ಬಕೆಟ್ಟುಗಳಲ್ಲಿಟ್ಟುಕೊಂಡು, ತೊಟ್ಟಿಯ ನೀರನ್ನು ಮತ್ತೆ ಮೊದಲಿಂದ ಹದಕ್ಕೆ ತಂದರು. ಅಷ್ಟು ದಿನವೂ ಷಟರು ಕೆಟ್ಟಿದೆ ಎಂದು ಹೇಳಿಕೊಂಡರು. ಕೊನೆಗೆ ಎದುರುಮನೆಯಾಕೆ ಮೀನು ಹೇಗಿವೆ ಎಂದು ವಿಚಾರಿಸಿದಾಗ, "ನೀವು ಪುರಿ ಆಕಿದ್ದು ಮೈಗತ್ತದೆ ಕಣಮ್ಮ, ನೋಡಿ ಎಂಗವೆ," ಎಂದುಬಿಟ್ಟರು. ಆಕೆಗೆ ಬಹಳ ಸಂತೋಷವಾಯಿತು.

ಮುಂದಿನ ವಾರ ತಮ್ಮ ಊರು ಮಲ್ಲಿಪಟ್ಟಣದಿಂದ ಕ್ಯಾನಿನಲ್ಲಿ ಕೆರೆಮೀನು ತಂದು, ಷಟರಿನ ಪಕ್ಕದಲ್ಲೇ ಸಿಮೆಂಟ್ ತೊಟ್ಟಿ ಕಟ್ಟಿ ಬಿಟ್ಟರು. ಪುರಿ ಹಾಕುವವರು ಅಲ್ಲಿ ಹಾಕಬಹುದಿತ್ತು. ಅವು ಏನು ಕೊಟ್ಟರೂ ತಿಂದುಕೊಂಡಿದ್ದವು. "ಇದು ಸ್ಟ್ಯಾಂಡಿಂಗು, ಒಳಗಿನವು ರಿಸರ್ವೇಸನ್ನು," ಎಂದು ಬಂದವರನ್ನೆಲ್ಲ ಬಾಗಿಲಲ್ಲೇ ತಡೆಯುತ್ತಿದ್ದರು. ಜನ ನಕ್ಕು ಅಲ್ಲೇ ಪುರಿ ಎರಚುತ್ತಿದ್ದರು. ಯಾರಿಗೂ ನೋವಾಗಲಿಲ್ಲ.

ಕೆಲವು ತಿಂಗಳು ಹೀಗೆ ಚೆನ್ನಾಗಿ ನಡೆಯಿತು. ಆಮೇಲೆ ಬರುವವರು ಕಡಿಮೆಯಾದರು. ಮೀನು ಎಷ್ಟು ದಿನ ನೋಡುತ್ತಾರೆ, ಅವು ಸೀರಿಯಲ್ಲೇ? ಆದರೂ ಸಂಜೆ, ಚಳಿ ನುಗ್ಗದಂತೆ ಷಟರನ್ನು ಸೊಂಟದವರೆಗೆ ಮಾತ್ರ ಎತ್ತಿ, ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿ, ಒಂದರಲ್ಲಿ ಕೂತಿರುತ್ತಿದ್ದರು. ಬೀದಿಯಲ್ಲಿ ಹೋಗುವವರ ಕಾಲುಗಳಷ್ಟೇ ಕಾಣುತ್ತಿದ್ದವು. ಯಾವುದಾದರೂ ಜೋಡಿ ಕಾಲು ನಿಧಾನವಾದರೆ ಎದ್ದು ಷಟರು ಎತ್ತುತ್ತಿದ್ದರು. ಅಷ್ಟರಲ್ಲಿ ಅದು ಮುಂದೆ ಹೋಗಿರುತ್ತಿತ್ತು.

ಬ್ಯಾಂಕಿಂದ ಬಂದವಳು ನಾನು ಇನ್ನೊಂದು ಕುರ್ಚಿಯಲ್ಲಿ ಕೂರತೊಡಗಿದೆ. ಮೊದಮೊದಲು ಅಯ್ಯೋ ಪಾಪ ಅಂತ. ಆಮೇಲೆ, ಮೇಲೆ ಹೋಗಿ ಬೀಗ ತೆಗೆಯಲು ಮನಸ್ಸಾಗದೆ. ಊರಿಗೆಲ್ಲ ನನ್ನ ಮದುವೆಯ ಚಿಂತೆ, ಇವರು ಮಾತ್ರ ಒಂದು ದಿನವೂ ಕೇಳಲಿಲ್ಲ. ನಾನೇ ಆ ಮಾತು ತೆಗೆದಾಗ, "ಎಲ್ಲಿಗೆ ಅಂತ ಕೇಳೋದಷ್ಟೇ ಕಂಡಕ್ಟರ್ ಕೆಲ್ಸ. ಯಾಕೆ ಓಯ್ತೀರಿ ಅಂತ ಕೇಳಂಗಿಲ್ಲ," ಎಂದು ಮೀನಿನ ಕಡೆ ತಿರುಗಿಕೊಂಡರು. ಅಷ್ಟು ಗೌರವದಿಂದ ನನ್ನನ್ನು ನನ್ನ ಪಾಡಿಗೆ ಬಿಟ್ಟವರು ಬೇರೆ ಯಾರೂ ಇಲ್ಲ.

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಷಟರಿನ ಸದ್ದು ಕೇಳಿಸಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು. ಮಲ್ಲಿಪಟ್ಟಣದಿಂದ ತಮ್ಮನ ಮಗ ಬಂದು ಎಲ್ಲ ಮಾಡಿದ. ತೊಟ್ಟಿಗಳನ್ನು ಏನು ಮಾಡುವುದೆಂದು ತಿಳಿಯದೆ ನಿಂತಿದ್ದವನಿಗೆ, ನಾನು ನೋಡಿಕೊಳ್ಳುತ್ತೇನೆ ಎಂದೆ. ಹೆಗಲ ಮೇಲಿನ ಮೂಟೆ ಇಳಿದವನಂತೆ ಕೀಲಿ ಕೊಟ್ಟ.

ಹನ್ನೊಂದನೆಯ ದಿನ ಷಟರು ಪೂರ್ತಿ ಎತ್ತಿದೆ. ಊಟಕ್ಕೆ ಬಂದ ಬೀದಿಯೆಲ್ಲ ಒಳಗೆ ಬಂತು. ಅವರು ಕಾದುಕೊಂಡು ಕೂತಿದ್ದ ಕಾಲುಗಳೆಲ್ಲ ಬಂದವು. ಎಷ್ಟೋ ಜನರ ಕೈಯಲ್ಲಿ ಪುರಿಯಿತ್ತು. ಎದುರುಮನೆಯಾಕೆ ಬಿಳಿ ಮೀನಿನ ತೊಟ್ಟಿಯ ಮುಂದೆ ನಿಂತು ಕಣ್ಣೊರೆಸಿಕೊಂಡರು.

"ಅವತ್ತು ನಾನು ಅಕ್ಷತೆ ಆಕಿದ್ದು ಇವುಕ್ಕೇ ಅಲ್ವೇನವ್ವ?"

ಸತ್ಯ ನಾಲಗೆಯ ತುದಿಗೆ ಬಂದಿತ್ತು. ಇಷ್ಟು ದಿನ ನುಂಗಿಕೊಂಡದ್ದು, ದಪ್ಪಕ್ಷರದಲ್ಲಿ ಬರೆದದ್ದು. ಅವರಿದ್ದಿದ್ದರೆ ಏನು ಹೇಳುತ್ತಿದ್ದರೋ ಅದನ್ನೇ ಹೇಳಿದೆ.

"ಇವಕ್ಕೇ ಕಣಮ್ಮ. ಎಷ್ಟು ದೊಡ್ಡವಾಗಿವೆ ನೋಡಿ. ನಾಳೆನೂ ಬನ್ನಿ."

ಬರುತ್ತೇನೆ ಎಂದರು. ಮಾರನೆಯ ದಿನ ಅವರು ಬರಲಿಲ್ಲ, ಬೇರೆಯವರೂ ಬರಲಿಲ್ಲ. ಸಂಜೆ ಬ್ಯಾಂಕಿಂದ ಬಂದು, ಷಟರನ್ನು ಸೊಂಟದವರೆಗೆ ಎತ್ತಿ, ಎರಡೂ ಕುರ್ಚಿ ಹಾಕಿ, ನನ್ನದರಲ್ಲಿ ಕೂತೆ.