ಶೆಟ್ಟಿ ಗೊಂಬೆಯ ಪಂಚೆಯ ಮೇಲಿನ ಕಪ್ಪು ಗುರುತು

ಅವರ ಬಲಗೈ ಹೆಬ್ಬೆರಳು ಯಾವಾಗಲೂ ಕಪ್ಪಗಿರುತ್ತಿತ್ತು. ರಜೆಗೆಂದು ಮನೆಗೆ ಬಂದರೂ ಬೆಳಿಗ್ಗೆ ಜಗಲಿಯ ಮೇಲೆ ಕೂತು ಬೂಟಿಗೆ ಪಾಲಿಶ್ ತಿಕ್ಕುವುದು ತಪ್ಪುತ್ತಿರಲಿಲ್ಲ. ಎಷ್ಟು ಸೋಪು ಹಾಕಿ ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. "ಈ ಕೈಲಿ ಕೋಸಂಬರಿ ಕಲಸ್ಬೇಡಿ ಅಂದ್ರೆ ಕೇಳಲ್ಲ" ಎಂದು ಅವರ ಹೆಂಡತಿ ಬೈಯುತ್ತಿದ್ದರು.

ಎನ್.ಆರ್. ಕಾಲೋನಿಯಲ್ಲಿ ನಮ್ಮ ಎದುರು ಮನೆಯವರು ಅವರು. ಸೇನೆಯಲ್ಲಿ ಕ್ಯಾಪ್ಟನ್. ನನಗೆ ಅವರು ಕ್ಯಾಪ್ಟನ್ ಅಣ್ಣ, ಅವರ ಹೆಂಡತಿ ಅತ್ತಿಗೆ. ಎಪ್ಪತ್ತೊಂದರ ಯುದ್ಧದಲ್ಲಿ ಅವರು ಸತ್ತರು, ಶೌರ್ಯಕ್ಕೆ ಪದಕ ಬಂತು. ಆ ಶೌರ್ಯದ ಬಗ್ಗೆ ನಮ್ಮ ಬೀದಿಯವರು ಬೇಕಾದಷ್ಟು ಭಾಷಣ ಮಾಡಿಯಾಗಿದೆ. ನಾನು ಕಣ್ಣಾರೆ ಕಂಡ ಶೌರ್ಯವೇ ಬೇರೆ. ಅದನ್ನು ಒಬ್ಬರೂ ಹೇಳಲಿಲ್ಲ. ಹೇಳುವ ಮುಖವೂ ಅವರಿಗಿರಲಿಲ್ಲ.

ಎಪ್ಪತ್ತರ ದಸರಾಕ್ಕೆ ಅವರಿಗೆ ರಜೆ ಸಿಕ್ಕಿತ್ತು. ಗೊಂಬೆ ಕೂರಿಸುವ ಕೆಲಸವನ್ನು ಅತ್ತಿಗೆಯಿಂದ ಕಿತ್ತುಕೊಂಡು, ಗೊಂಬೆಗಳನ್ನೆಲ್ಲ ಎತ್ತರದ ಪ್ರಕಾರ ಪೆರೇಡಿಗೆ ನಿಲ್ಲಿಸಿಬಿಟ್ಟರು. "ದಶಾವತಾರದ ಕ್ರಮಾನೇ ತಪ್ಪೋಯ್ತಲ್ರೀ" ಎಂದು ಅತ್ತಿಗೆ ರೇಗಿದರೆ, "ವಾಮನ ಹಿಂದೆ ನಿಂತ್ರೆ ಯಾರಿಗೆ ಕಾಣ್ತಾನೆ? ಕುಳ್ಳರು ಮುಂದೆ!" ಎಂದರು. ಕೆಳಗಿನ ಸಾಲಿನ ಶೆಟ್ಟಿ ಗೊಂಬೆಯ ಬಿಳಿ ಪಂಚೆಯ ಮೇಲೆ ಅವರ ಹೆಬ್ಬೆರಳು ಕಪ್ಪಗೆ ಮೂಡಿತು.

ಸಂಜೆ ಅರಿಶಿನ ಕುಂಕುಮಕ್ಕೆ ಕರೆಯಲು ಅವರೇ ಹೊರಟರು. ಗಂಡಸು ಕುಂಕುಮಕ್ಕೆ ಕರೆಯುವುದನ್ನು ನಮ್ಮ ಬೀದಿ ಕಂಡದ್ದು ಅದೇ ಮೊದಲು. ನಮ್ಮಪ್ಪ ತೀರಿಕೊಂಡು ಆಗ ಆರು ವರ್ಷ. ಅಂದಿನಿಂದ ಯಾರೇ ಬಂದರೂ ಬಾಗಿಲಲ್ಲೇ ನಿಂತು ನನ್ನೊಬ್ಬಳನ್ನು ಕರೆದು ಹೋಗುತ್ತಿದ್ದರು. ಅಮ್ಮ ಸರಿಯಾಗಿ ಆ ಹೊತ್ತಿಗೆ ಅಡುಗೆಮನೆ ಸೇರುತ್ತಿದ್ದಳು. ಇವರು ಸೀದಾ ಅಡುಗೆಮನೆ ಬಾಗಿಲಿಗೇ ಬಂದರು.

"ಅಮ್ಮಾ, ಗೊಂಬೆ ಆರತಿಗೆ ಬನ್ನಿ."

"ನನ್ನ ಕರೀಬಾರ್ದು ಕಣಪ್ಪ."

"ಗೊಂಬೆ ಕೂರಿಸಿರೋನು ನಾನು, ಕರೆಯೋನೂ ನಾನೇ. ನೀವು ಬರೋವರ್ಗೂ ಆರತಿ ಇಲ್ಲ."

ಅಮ್ಮ ಹೋದಳು. ಅತ್ತಿಗೆ ಎಲ್ಲರಿಗೂ ಕೊಟ್ಟಂತೆ ಅವಳ ಸೆರಗಿಗೂ ತಾಂಬೂಲ, ಸೇವಂತಿಗೆ ಹಾಕಿದರು. ಮೂಲೆಮನೆಯ ಅಜ್ಜಿ ಧಡಕ್ಕನೆ ಎದ್ದು ಹೊರಟರು. ಕ್ಯಾಪ್ಟನ್ ಅಣ್ಣ ಹಿಂದೆಯೇ ಹೋಗಿ, "ಅಜ್ಜಿ, ಚರ್ಪು ಮರ್ತ್ರಿ" ಎಂದು ಕಡಲೆ ಉಸಲಿಯ ಪೊಟ್ಟಣವನ್ನು ಅವರ ಕೈಗಿಟ್ಟು ಬಂದರು. ಅಮ್ಮ ಆ ಹೂವನ್ನು ಮುಡಿಯಲಿಲ್ಲ. ನೀರಿನ ಲೋಟದಲ್ಲಿಟ್ಟು, ಬಾಡಿ ಉದುರುವ ತನಕ ಕಾಪಾಡಿದಳು.

ಮುಂದಿನ ದಸರಾಕ್ಕೆ ಅವರಿಗೆ ರಜೆ ಸಿಗಲಿಲ್ಲ. ಡಿಸೆಂಬರಿನಲ್ಲಿ ತಂತಿ ಬಂತು.

ಪದಕ ಬಂದ ಮೇಲೆ ಬೀದಿಯ ಸಂಘದವರು ಪೆಂಡಾಲು ಹಾಕಿ ಸಭೆ ಮಾಡಿದರು. ಸಂಘದ ಅಧ್ಯಕ್ಷರಿಗೆ ಪದಕ ಬೇಕಿತ್ತು, ಫೋಟೋ ಬೇಕಿತ್ತು, ಅತ್ತಿಗೆ ಬೇಕಿರಲಿಲ್ಲ. "ದೀಪ ಹಚ್ಚೋದು ಶುಭ ಕೆಲ್ಸ, ಮುತ್ತೈದೇರೇ ಹಚ್ಚಲಿ. ನೀವು ಇಲ್ಲೇ ಕೂತ್ಕೊಳಮ್ಮ" ಎಂದು, ಪದಕವನ್ನು ಅವರ ಕೈಯಿಂದ ಈಸಿಕೊಂಡು, ಪಕ್ಕದ ಸಾಲಿನ ಕೊನೆಯ ಕುರ್ಚಿ ತೋರಿಸಿದರು. ಗಂಡನ ಪದಕ! ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಆಮೇಲೆ ಅದೇ ಅಧ್ಯಕ್ಷರು ಮೈಕಿನ ಮುಂದೆ ನಿಂತು, ನಮ್ಮ ಬೀದಿ ಆ ವೀರನ ದಾರಿಯಲ್ಲೇ ನಡೆಯುತ್ತದೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾಚಿಕೆಗೆಟ್ಟವರು.

ಅವರನ್ನು ಬೈದು ನಾನು ಪಾರಾಗುವಂತಿಲ್ಲ. ಹೆಂಗಸರಿಗೆ ಹೂವು, ಕುಂಕುಮ ಕೊಡುವ ತಟ್ಟೆ ಅವತ್ತು ನನ್ನ ಕೈಯಲ್ಲಿತ್ತು. ಇಪ್ಪತ್ತು ತುಂಬಿದ ಕತ್ತೆ ನಾನು. ಸಾಲಿನಲ್ಲಿ ಒಬ್ಬೊಬ್ಬರಿಗೇ ಕೊಡುತ್ತಾ ಬಂದೆ. ಅತ್ತಿಗೆಯ ಮುಂದೆ ತಟ್ಟೆ ತಾನಾಗಿ ದಾಟಿಹೋಯಿತು. ತಾನಾಗಿ ಅಂದೆನೇ? ಸುಳ್ಳು. ಎಲ್ಲರೂ ನೋಡುತ್ತಿದ್ದಾರೆಂದು ಹೆದರಿ ನಾನೇ ದಾಟಿಸಿದೆ. ಅವರು ಚಾಚಿದ್ದ ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡರು.

ಅಮ್ಮ ಹಿಂದಿನ ಸಾಲಿನಿಂದ ಎಲ್ಲವನ್ನೂ ನೋಡಿದ್ದಳು. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಅನ್ನ ಬಡಿಸುತ್ತಾ, "ಅವನು ನಮ್ಮನೆ ಒಳಗಡೆ ತನಕ ಬಂದಿದ್ದ ಕಣೇ" ಎಂದಳು, ಅಷ್ಟೇ.

ಆ ವರ್ಷವೇ ಅತ್ತಿಗೆ ಮನೆ ಖಾಲಿ ಮಾಡಿ ತವರಿಗೆ ಹೊರಟರು. ಗೊಂಬೆಯ ಪೆಟ್ಟಿಗೆಯನ್ನು ಅಮ್ಮನಿಗೆ ಕೊಟ್ಟರು. ನಾನು ಕಾಲಿಗೆ ಬಿದ್ದು "ಅವತ್ತು ತಪ್ಪಾಯ್ತು ಅತ್ತಿಗೆ" ಎಂದೆ. ಅವರು ನನ್ನನ್ನು ಎಬ್ಬಿಸಿ, ತಲೆ ಸವರಿ, "ಹೋಗ್ಲಿ ಬಿಡು. ಅವರಿಗೆ ಹೇಳಲ್ಲ ನಾನು" ಎಂದರು.

ಕೆನ್ನೆಗೆ ಎರಡು ಬಿಗಿದಿದ್ದರೆ ಮರೆಯುತ್ತಿದ್ದೆನೇನೋ. ಶೆಟ್ಟಿ ಗೊಂಬೆ ಈಗಲೂ ನನ್ನಲ್ಲಿದೆ. ಪಂಚೆಗೆ ಹೊಸ ಬಣ್ಣ ಹೊಡೆಸಿಲ್ಲ, ಗುರುತನ್ನು ಒರೆಸಿಲ್ಲ. ಪ್ರತಿ ದಸರಾಕ್ಕೂ ಕುಳ್ಳರನ್ನು ಮುಂದೆ ನಿಲ್ಲಿಸಿ, ಗಂಡ ಇಲ್ಲದವರ ಮನೆಗಳಿಗೇ ಮೊದಲು ಹೋಗಿ ಕರೆದು ಬರುತ್ತೇನೆ. ಆಮೇಲೆ ಆ ಕಪ್ಪು ಹೆಬ್ಬೆರಳಿನ ಮುಂದೆ ಕೂತು, ಅತ್ತಿಗೆ ಹೇಳದೆ ಉಳಿಸಿದ್ದನ್ನು ನಾನೇ ಹೇಳುತ್ತೇನೆ: ತಟ್ಟೆ ದಾಟಿಸಿದವಳು ನಾನು, ಕ್ಯಾಪ್ಟನ್ ಅಣ್ಣ.